ಹರಿದ ರೊಟ್ಟಿ ಕೆಳಗೆ, ಚೆಂದದ್ದು ಮೇಲೆ

ಮೊದಲು ಒಂದು ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ ಆಫೀಸಿನ ಐದು ಜನರನ್ನು ಮನೆಗೆ ಊಟಕ್ಕೆ ಕರೆದಿದ್ದೆ. "ಬಾಗಲಕೋಟೆಯವಳು ಅಂತ ಹೇಳ್ಕೊಂಡು ಓಡಾಡ್ತೀಯ, ಒಂದು ಸಲ ಆದ್ರೂ ರೊಟ್ಟಿ ಊಟ ಹಾಕಿದ್ದೀಯಾ?" ಅಂತ ಆರು ತಿಂಗಳಿಂದ ಕಾಡುತ್ತಿದ್ದರು. ಎಣ್ಣೆಗಾಯಿ ಆಯಿತು. ಮಡಿಕೆಕಾಳಿನ ಪಲ್ಯ ಆಯಿತು. ಶೇಂಗಾ ಹಿಂಡಿ ಊರಿಂದಲೇ ಬಂದಿತ್ತು. ಆಮೇಲೆ ರೊಟ್ಟಿಗೆ ನಿಂತೆ.

ಮೊದಲನೆಯದು ಹಂಚಿಗೆ ಹಾಕುವಾಗ ನಡುವೆ ಹರಿಯಿತು. ಎರಡನೆಯದರ ಅಂಚೆಲ್ಲಾ ಸೀಳು. ಮೂರನೆಯದು ದುಂಡಗೆ ಬಂತು, ಆದರೆ ಒಂದು ಕಡೆ ದಪ್ಪ, ಒಂದು ಕಡೆ ಹಪ್ಪಳ. ಹೀಗೇ ಹನ್ನೊಂದು ಮಾಡಿದೆ. ಹನ್ನೊಂದನ್ನೂ ಒಂದು ಸ್ಟೀಲ್ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ವಾಷಿಂಗ್ ಮಷೀನಿನ ಹಿಂದೆ ಬಚ್ಚಿಟ್ಟೆ. ಹೌದು, ಬಚ್ಚಿಟ್ಟೆ. ಕದ್ದ ಮಾಲು ಇಟ್ಟ ಹಾಗೆ. ಆಮೇಲೆ ಫೋನ್ ತೆಗೆದು ಹತ್ತಿರದ ಖಾನಾವಳಿಗೆ ಇಪ್ಪತ್ತು ರೊಟ್ಟಿ ಹೇಳಿದೆ.

ಊಟ ಮಾಡುತ್ತಾ ಒಬ್ಬಳು ಕೇಳಿದಳು. "ಎಷ್ಟು ತೆಳ್ಳಗಿದೆ! ನೀನೇ ಮಾಡಿದ್ದಾ?"

"ಹೂಂ" ಅಂದೆ.

ಆ ಒಂದು "ಹೂಂ" ಎಷ್ಟು ದಿನ ಗಂಟಲಲ್ಲಿ ಕೂತಿತ್ತು ಅಂತ ಹೇಳಿದರೆ ನಗುತ್ತೀರಿ. ಆ ಹನ್ನೊಂದು ರೊಟ್ಟಿಯನ್ನು ಮೂರು ದಿನ ಒಬ್ಬಳೇ ಮೊಸರು, ಹಿಂಡಿ ಹಚ್ಚಿಕೊಂಡು ತಿಂದೆ. ರುಚಿಯಲ್ಲಿ ಏನೂ ಕಮ್ಮಿ ಇರಲಿಲ್ಲ. ಅದೇ ಜಾಸ್ತಿ ಬೇಜಾರು.

ಇದನ್ನು ಈಗ ಬರೆಯೋಕೆ ಕಾರಣ ನನ್ನ ಮಗಳು. ಎರಡನೇ ಕ್ಲಾಸು. ಹೋದ ವರ್ಷ ಒಂದು ಸಂಜೆ ಕನ್ನಡ ಕಾಪಿ ಬರೆಯುತ್ತಾ ಕೂತಿದ್ದಳು. ನಾನು ಅಡುಗೆಮನೆಯಲ್ಲಿದ್ದೆ. ರಬ್ಬರಿನ ಸದ್ದು ಕೇಳಿಸುತ್ತಿತ್ತು, ಕರ್ ಕರ್ ಕರ್, ನಿಲ್ಲಲೇ ಇಲ್ಲ. ಬಂದು ನೋಡಿದರೆ ಒಂದೇ ಅಕ್ಷರವನ್ನು ಅಳಿಸಿ ಬರೆದು ಅಳಿಸಿ ಬರೆದು ಹಾಳೆಯಲ್ಲಿ ತೂತು ಮಾಡಿದ್ದಳು. ಅಕ್ಷರ ಯಾವುದು ಅಂದರೆ "ಋ". ತೂತಿನೊಳಗಿಂದ ಹಿಂದಿನ ಪುಟದ "ಊ" ಇಣುಕುತ್ತಿತ್ತು. ಅವಳ ಕಣ್ಣಲ್ಲಿ ನೀರು. "ಬಾಲ ಸರಿ ಬರ್ತಾ ಇಲ್ಲ ಅಮ್ಮಾ" ಅಂದಳು.

ನನಗೆ ಎದೆ ಧಸಕ್ ಅಂದಿತು. ಯಾಕೆಂದರೆ ಅದು ನಾನು. ಮೂವತ್ತು ವರ್ಷದ ಹಿಂದಿನ ನಾನು, ಅದೇ ಮುಖ ಮಾಡಿಕೊಂಡು.

ನಾನು ರಬ್ಬರಿನವಳಲ್ಲ, ಹಾಳೆ ಹರಿಯುವವಳು. ಪೆನ್ನಲ್ಲಿ ಬರೆಯೋಕೆ ಶುರು ಮಾಡಿದ ಮೇಲೆ ಒಂದು ಅಕ್ಷರ ತಪ್ಪಾದರೂ ಇಡೀ ಹಾಳೆ ಹರಿದು ಹೊಸದಾಗಿ ಬರೆಯುತ್ತಿದ್ದೆ. ನೂರು ಪುಟದ ನೋಟ್‌ಬುಕ್ ಅರ್ಧ ವರ್ಷ ಕಳೆಯೋ ಹೊತ್ತಿಗೆ ಅರವತ್ತು ಪುಟಕ್ಕೆ ಇಳಿದಿರುತ್ತಿತ್ತು. ನಿಮಗೂ ಗೊತ್ತಿರಬಹುದು, ಪಿನ್ನು ಹೊಡೆದ ಪುಸ್ತಕದಲ್ಲಿ ಒಂದು ಹಾಳೆ ಕಿತ್ತರೆ ಅಷ್ಟಕ್ಕೇ ಮುಗಿಯುವುದಿಲ್ಲ. ಆ ಹಾಳೆಯ ಜೋಡಿ ಪಿನ್ನಿನ ಆ ಕಡೆ ಇರುತ್ತದೆ. ಮುಂದಿನದು ಕಿತ್ತ ಮೇಲೆ ಹಿಂದಿನದು ಸಡಿಲ ಆಗುತ್ತದೆ. ಒಂದು ದಿನ, ಏನೂ ತಪ್ಪಿಲ್ಲದೆ ಬರೆದ, ಟೀಚರು ಕೆಂಪಿಂಕಿನಲ್ಲಿ "ಉತ್ತಮ" ಅಂತ ಹಾಕಿದ ಹಾಳೆ ತಾನಾಗಿ ಉದುರಿ ಬೀಳುತ್ತದೆ. ಐದನೇ ಕ್ಲಾಸಿನಲ್ಲಿ ನನ್ನ ಸಮಾಜದ ನೋಟ್ಸೆಲ್ಲ ಹೀಗೇ ಉದುರಿ, ಕೊನೆಗೆ ಅಪ್ಪ ದಬ್ಬಳ ತಂದು ಗೋಣಿ ದಾರದಲ್ಲಿ ಹೊಲಿದುಕೊಟ್ಟಿದ್ದರು. ಆ ಹೊಲಿಗೆ ಸೊಟ್ಟಗಿದೆ ಅಂತ ನಾನು ಅದನ್ನು ಕ್ಲಾಸಿಗೆ ಒಯ್ಯಲಿಲ್ಲ!

ದೊಡ್ಡವಳಾದ ಮೇಲೆ ಈ ರೋಗಕ್ಕೆ ಸಂಬಳವೂ ಸಿಗೋಕೆ ಶುರುವಾಯಿತು. ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಹದಿನಾರು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ, ಮತ್ತು ಚೆನ್ನಾಗಿಯೇ ಮಾಡುತ್ತೇನೆ. ಮದುವೆ ಮನೆಗೆ ಹೋದರೆ ಕರೆಯೋಲೆಯ ಮೇಲಿನ ಕಾಗುಣಿತದ ತಪ್ಪು ಮೊದಲು ಕಣ್ಣಿಗೆ ಬೀಳುತ್ತದೆ, ವಧೂವರರ ಮುಖ ಆಮೇಲೆ.

ಆದರೆ ಇದೇ ಕೆಲಸ ನನಗೆ ಇನ್ನೊಂದು ಪಾಠ ಹೇಳುತ್ತಲೇ ಇತ್ತು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಟೆಸ್ಟಿಂಗ್ ಕಲಿಯುವಾಗ ಮೊದಲ ವಾರವೇ ಹೇಳಿಕೊಡುವ ಮಾತು ಒಂದಿದೆ: ಎಲ್ಲವನ್ನೂ ಪರೀಕ್ಷೆ ಮಾಡುವುದು ಸಾಧ್ಯವೇ ಇಲ್ಲ. ಲೆಕ್ಕ ಹಾಕಿ ನೋಡಿ. ಹತ್ತು ಖಾನೆಗಳಿರುವ ಒಂದು ಸಾದಾ ಫಾರ್ಮ್, ಒಂದೊಂದು ಖಾನೆಗೂ ಹತ್ತೇ ಹತ್ತು ಥರದ ಉತ್ತರ ಇರಬಹುದು ಅಂದುಕೊಳ್ಳಿ. ಒಟ್ಟು ಜೋಡಣೆಗಳು 1,000 ಕೋಟಿ ಆಗುತ್ತವೆ. ಸೆಕೆಂಡಿಗೆ ಒಂದರಂತೆ ಊಟ ನಿದ್ದೆ ಬಿಟ್ಟು ನೋಡಿದರೂ 316 ವರ್ಷ ಮೀರುತ್ತದೆ. ಇನ್ನೊಂದು ಮಾತನ್ನು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಹೇಳಿದ್ದು. ಪರೀಕ್ಷೆಯಿಂದ ತಪ್ಪು ಇದೆ ಅಂತ ತೋರಿಸಬಹುದೇ ಹೊರತು ತಪ್ಪು ಇಲ್ಲ ಅಂತ ತೋರಿಸೋಕೆ ಆಗಲ್ಲ ಅನ್ನುವುದು ಅದರ ಸಾರ. ನಮ್ಮ ಧಂದೆಯ ಬುಡವೇ ಇದು.

ಹಾಗಾದರೆ ಕೆಲಸ ಮುಗಿಯುವುದು ಹೇಗೆ? ಒಂದು ಪಟ್ಟಿ ಮಾಡಿ ಮುಗಿಸುತ್ತೇವೆ. ಅದಕ್ಕೆ ನೋನ್ ಇಶ್ಯೂಸ್ ಅಂತಾರೆ, ಗೊತ್ತಿರುವ ದೋಷಗಳು. ಶುಕ್ರವಾರ ಸಂಜೆ ಮೀಟಿಂಗಿನಲ್ಲಿ ಕೂತು ಒಂದೊಂದೇ ನೋಡುತ್ತೇವೆ. ಇದರಿಂದ ಎಷ್ಟು ಹಾನಿ, ಇದು ಎಷ್ಟು ತುರ್ತು. ಎರಡೂ ಬೇರೆ ಬೇರೆ ಲೆಕ್ಕ. ಗ್ರಾಹಕರ ದುಡ್ಡು ಎರಡು ಸಲ ಕಡಿತ ಆಗುವ ಬಗ್, ಅಂದರೆ ದೋಷ, ಇದ್ದರೆ ಅವತ್ತು ಯಾರೂ ಮನೆಗೆ ಹೋಗುವುದಿಲ್ಲ. ಅದೇ ಒಂದು ಸಲ ಏನಾಗಿತ್ತು ಅಂದರೆ, ಆ್ಯಪಿನ ಭಾಷೆ ಕನ್ನಡಕ್ಕೆ ಬದಲಿಸಿದಾಗ "ಮುಂದುವರಿಸಿ" ಅನ್ನುವ ಬಟನ್ ಸಣ್ಣ ಫೋನುಗಳಲ್ಲಿ "ಮುಂದುವ" ಅಂತ ಅರ್ಧಕ್ಕೇ ಕತ್ತರಿಸಿ ಹೋಗುತ್ತಿತ್ತು. ನನಗೆ ಪ್ರಾಣ ಹೋದ ಹಾಗೆ. ಕನ್ನಡದವಳಾಗಿ ಇದನ್ನು ಹೇಗೆ ಬಿಡಲಿ? ಮ್ಯಾನೇಜರ್ ಕೇಳಿದರು, "ಒತ್ತಿದ್ರೆ ಮುಂದಕ್ಕೆ ಹೋಗುತ್ತಾ?" ಹೋಗುತ್ತೆ ಅಂದೆ. "ಹಾಗಾದ್ರೆ ಪಟ್ಟಿಗೆ ಹಾಕು, ಮುಂದಿನ ಸಲ ನೋಡೋಣ." ಪಟ್ಟಿಗೆ ಹಾಕಿದೆ. ಆ್ಯಪ್ ಬಿಡುಗಡೆ ಆಯಿತು. ಜನ "ಮುಂದುವ" ಒತ್ತಿ ಮುಂದುವರಿದರು. ಎರಡು ತಿಂಗಳಿಗೆ ಅದೂ ಸರಿ ಹೋಯಿತು.

ಆಫೀಸಿನಲ್ಲಿ ಇಷ್ಟು ತಿಳಿವಳಿಕೆ ಇರುವವಳು ಮನೆಗೆ ಬಂದರೆ ರೊಟ್ಟಿಯನ್ನು ವಾಷಿಂಗ್ ಮಷೀನಿನ ಹಿಂದೆ ಬಚ್ಚಿಡುತ್ತಾಳೆ. ಇದು ಯಾವ ನ್ಯಾಯ?

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. "ನಿಮ್ಮ ಕೊರತೆಗಳನ್ನು ಪ್ರೀತಿಸಿ, ನೀವು ಹೇಗಿದ್ದೀರೋ ಹಾಗೇ ಪರಿಪೂರ್ಣರು" ಅಂತ ಹೂವಿನ ಚಿತ್ರದ ಮೇಲೆ ಬರೆದು ವಾಟ್ಸಾಪಿನಲ್ಲಿ ಬೆಳಗ್ಗೆ ಬೆಳಗ್ಗೆ ಕಳಿಸುತ್ತಾರಲ್ಲ, ಅದು ನನಗೆ ಆಗಿ ಬರುವುದಿಲ್ಲ. ಮೊದಲನೆಯದಾಗಿ ಅದು ಸುಳ್ಳು. ನನ್ನ ಕೊರತೆಗಳ ಮೇಲೆ ನನಗೆ ಪ್ರೀತಿ ಇಲ್ಲ, ಬರೋದೂ ಬೇಡ. ಲಿಫ್ಟ್ ರಿಪೇರಿ ಮಾಡುವವನು ತನ್ನ ಕೊರತೆಯನ್ನು ಪ್ರೀತಿಸಿದರೆ ಏನು ಗತಿ? ಅಪ್ಪನ ಬಿಪಿ ಮಾತ್ರೆಗಳನ್ನು ವಾರದ ಡಬ್ಬಿಗೆ ತುಂಬುವಾಗ ನಾನು ಮೂರು ಸಲ ಎಣಿಸುತ್ತೇನೆ. ಮುಂದೆಯೂ ಮೂರು ಸಲವೇ ಎಣಿಸುತ್ತೇನೆ. ಅದನ್ನು ಬಿಡುವ ಮಾತೇ ಇಲ್ಲ. ನನ್ನ ತಕರಾರು ಬೇರೆ. ಮಾತ್ರೆ ಡಬ್ಬಿಗೆ ಇಡಬೇಕಾದ ನಿಗಾವನ್ನು ನಾನು ರೊಟ್ಟಿಯ ಅಂಚಿಗೆ, ಪರದೆಯ ನೆರಿಗೆಗೆ, ಸಂದೇಶದ ಕೊನೆಯ ಚುಕ್ಕಿಗೆ ಎಲ್ಲಕ್ಕೂ ಒಂದೇ ಸಮ ಇಟ್ಟುಕೊಂಡು ಬಂದೆ. ನನಗೆ ಪ್ರತಿಯೊಂದು ಬಗ್ ಕೂಡ ಮನೆಗೆ ಹೋಗೋಕೆ ಬಿಡದ ಬಗ್.

ಇದರಿಂದ ನಷ್ಟ ಏನು ಅಂತ ಕೇಳಿದರೆ, ಹರಿದ ಹಾಳೆ, ತಿಂದ ರೊಟ್ಟಿ, ಇವೆಲ್ಲ ಚಿಲ್ಲರೆ ಲೆಕ್ಕ. ನಿಜವಾದ ನಷ್ಟ ಒಂದಿದೆ.

ನನ್ನ ಕಾಲೇಜಿನ ಗೆಳತಿಯ ತಂದೆ ತೀರಿಕೊಂಡರು. ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದವರು ನಾವು. ಅವರ ಮನೆಗೆ ಹೋದಾಗೆಲ್ಲ ಆ ತಂದೆ ನನಗೆ ಬಸ್‌ಸ್ಟ್ಯಾಂಡ್ ತನಕ ಬಂದು ಸೀಟು ಹಿಡಿದುಕೊಡುತ್ತಿದ್ದರು. ಸುದ್ದಿ ಗ್ರೂಪಿನಲ್ಲಿ ಬಂತು. ನಾನು ಅವತ್ತು ವಿದೇಶದಲ್ಲಿ ಆಫೀಸಿನ ಕೆಲಸದ ಮೇಲಿದ್ದೆ, ಹೋಗೋಕೆ ಆಗುವಂತಿರಲಿಲ್ಲ. ಫೋನ್ ಮಾಡಬೇಕು. ಏನಂತ ಮಾತಾಡಲಿ? "ಧೈರ್ಯ ತಗೋ" ಅನ್ನೋದು ಸವಕಲು ಮಾತು. "ಏನಾಗಿತ್ತು?" ಅಂತ ಕೇಳೋದು ಕ್ರೂರ. ಬರೆದು ಕಳಿಸೋಣ ಅಂತ ಕೂತೆ. ನಾಲ್ಕು ಸಾಲು ಬರೆದೆ, ಅಳಿಸಿದೆ. ಸೀಟು ಹಿಡಿದುಕೊಡುತ್ತಿದ್ದ ವಿಷಯ ಬರೆದೆ, ತೀರಾ ಸಣ್ಣ ವಿಷಯ ಅನ್ನಿಸಿತು, ಅಳಿಸಿದೆ. ನಾಳೆ ಸಮಾಧಾನದಲ್ಲಿ ಬರೆಯೋಣ ಅಂದುಕೊಂಡೆ. ನಾಳೆ ಆಯಿತು, ವಾರ ಆಯಿತು. ವಾರ ಆದ ಮೇಲೆ ಬರೆಯಬೇಕಾದರೆ ಯಾಕೆ ತಡವಾಯಿತು ಅಂತಲೂ ಬರೆಯಬೇಕಲ್ಲ, ಅದಕ್ಕೂ ಸರಿಯಾದ ಮಾತು ಬೇಕು. ತಿಂಗಳಾಯಿತು. ವೈಕುಂಠ ಸಮಾರಾಧನೆ ಆಗಿ, ಮಾಸಿಕಗಳಾಗಿ, ವರ್ಷಾಬ್ದಿಕವೂ ಆಯಿತು. ನಾನು ಫೋನ್ ಮಾಡಲಿಲ್ಲ.

ಹದಿನಾಲ್ಕು ತಿಂಗಳಾದ ಮೇಲೆ ಬೇರೊಬ್ಬರ ಮದುವೆಯಲ್ಲಿ ಸಿಕ್ಕಳು. ಮಾತಾಡಿಸಿದಳು, ಚೆನ್ನಾಗೇ ಮಾತಾಡಿಸಿದಳು. ಊಟದ ಎಲೆ ಮುಂದೆ ಕೂತಾಗ ನಾನೇ ತಡೆಯಲಾರದೆ, "ನಿನ್ನ ಹತ್ರ ಏನು ಮಾತಾಡ್ಬೇಕು ಅಂತ ಗೊತ್ತಾಗ್ಲಿಲ್ಲ ಕಣೇ" ಅಂದೆ. ಅವಳು ಕೋಸಂಬರಿ ಕಲಸುತ್ತಾ ಹೇಳಿದಳು. "ಯಾರು ಏನು ಹೇಳಿದ್ರು ಅಂತ ನನಗೆ ಒಂದಾದ್ರೂ ನೆನಪಿದೆಯಾ? ಯಾರ ಫೋನ್ ಬಂತು, ಯಾರದ್ದು ಬರ್ಲಿಲ್ಲ, ಅಷ್ಟೇ ನೆನಪಿರೋದು." ಬೈಯುವ ದನಿಯಲ್ಲಿ ಹೇಳಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಅಷ್ಟು ದಿನ ನಾನು ನನ್ನ ಈ ಸ್ವಭಾವವನ್ನು ಒಳಗೊಳಗೇ ದೊಡ್ಡ ಗುಣ ಅಂದುಕೊಂಡಿದ್ದೆ. ಇಂಟರ್‌ವ್ಯೂಗಳಲ್ಲಿ "ನಿಮ್ಮ ದೌರ್ಬಲ್ಯ ಏನು?" ಅಂತ ಕೇಳಿದಾಗ ನಾಚಿಕೆಯಿಂದ ತಲೆ ತಗ್ಗಿಸಿ "ನಾನು ಸ್ವಲ್ಪ ಪರ್ಫೆಕ್ಷನಿಸ್ಟ್" ಅಂತಾರಲ್ಲ, ಆ ಥರ. ಅವಳ ಮಾತು ಕೇಳಿದ ಮೇಲೆ ಗೊತ್ತಾಯಿತು, ಆ ಹದಿನಾಲ್ಕು ತಿಂಗಳು ನಾನು ಅವಳ ದುಃಖದ ಬಗ್ಗೆ ಯೋಚನೆ ಮಾಡಿರಲೇ ಇಲ್ಲ. ನನ್ನ ವಾಕ್ಯದ ಬಗ್ಗೆ ಯೋಚನೆ ಮಾಡುತ್ತಿದ್ದೆ.

ಇದರ ಬೇರು ಎಲ್ಲಿದೆ ಅಂತ ಸ್ವಲ್ಪ ಓದಿದೆ. ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ ಅನ್ನುವ ಕೆನಡಾದ ಇಬ್ಬರು ಮನಃಶಾಸ್ತ್ರಜ್ಞರು 1991ರಲ್ಲಿ ಪರ್ಫೆಕ್ಷನಿಸಂ ಅನ್ನು ಮೂರು ಬಗೆಯಾಗಿ ವಿಂಗಡಿಸಿದರು. ನಾನು ಸರಿಯಾಗಿರಬೇಕು ಅನ್ನೋದು ಒಂದು. ಬೇರೆಯವರು ಸರಿಯಾಗಿರಬೇಕು ಅನ್ನೋದು ಇನ್ನೊಂದು. ಮೂರನೆಯದು, ನಾನು ಸರಿಯಾಗಿರಬೇಕು ಅಂತ ಬೇರೆಯವರು ಕಾಯ್ತಾ ಇದ್ದಾರೆ ಅನ್ನೋದು. ಆಮೇಲೆ ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ ಅನ್ನುವವರು ಅಮೆರಿಕ, ಕೆನಡಾ, ಬ್ರಿಟನ್ನಿನ 40,000ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದರು. 1989ರಿಂದ 2016ರ ನಡುವೆ ಮೂರೂ ಬಗೆಗಳು ಏರಿವೆ, ಎಲ್ಲಕ್ಕಿಂತ ಜೋರಾಗಿ ಏರಿರುವುದು ಆ ಮೂರನೆಯದು.

ಆ ಮೂರನೆಯದಕ್ಕೆ ಇಂಗ್ಲಿಷಿನಲ್ಲಿ ಒಂದು ಉದ್ದದ ಹೆಸರಿದೆ. ನಮ್ಮಲ್ಲಿ ಅದಕ್ಕೆ ಮೊದಲಿಂದಲೂ ಒಂದು ಹೆಸರಿದೆ ಅಲ್ವಾ? ನಾಲ್ಕು ಜನ. ನಾಲ್ಕು ಜನ ನೋಡಿದರೆ ಏನಂತಾರೆ. ನಾಲ್ಕು ಜನರ ಮುಂದೆ ಮರ್ಯಾದೆ ಹೋಗಬಾರದು.

ನಾನು ಟೆಸ್ಟರ್ ತಾನೇ, ಒಂದು ರಾತ್ರಿ ಕೂತು ಈ ನಾಲ್ಕು ಜನ ಯಾರು ಅಂತ ಹೆಸರು ಬರೆಯೋಕೆ ಹೊರಟೆ. ಸುಮ್ನೆ, ನೋಡೋಣ ಅಂತ. ಮೊದಲನೆಯವರು ನನ್ನ ಸೋದರತ್ತೆ, ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದವರು. ತೀರಿಹೋಗಿ ಒಂಬತ್ತು ವರ್ಷ ಆಯಿತು. ಎರಡನೆಯವರು ಹೈಸ್ಕೂಲಿನಲ್ಲಿ ನನ್ನ ಅಕ್ಷರವನ್ನು ಇಡೀ ಕ್ಲಾಸಿಗೆ ತೋರಿಸಿ ಹೊಗಳಿದ ಮೇಷ್ಟ್ರು. ಬೈದವರಲ್ಲ, ಹೊಗಳಿದವರು! ಹೊಗಳಿಕೆಯೂ ಹೀಗೆ ಬೆನ್ನು ಹತ್ತುತ್ತದೆ ಅಂತ ಆಗ ಹೊಳೆಯಿತು. ಮೂರನೆಯವರು ಎದುರು ಫ್ಲಾಟಿನವರು. ಅವರಿಗೆ ನನ್ನ ಹೆಸರೂ ಗೊತ್ತಿಲ್ಲ, ಕೊರಿಯರ್ ಬಂದಾಗ "ಮುನ್ನೂರ ಮೂರರವರು" ಅಂತಾರೆ. ನಾಲ್ಕನೆಯ ಹೆಸರಿಗೆ ಎಷ್ಟು ಹೊತ್ತು ತಲೆ ಕೆರೆದುಕೊಂಡರೂ ಯಾರೂ ಸಿಗಲಿಲ್ಲ. ಕೋರಮ್ಮೇ ಇಲ್ಲದ ಸಭೆಗೆ ಇಷ್ಟು ವರ್ಷ ಹೆದರಿಕೊಂಡಿದ್ದೆ.

ಒಂದು ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ಬೇಲೂರಿಗೆ ಹೋಗಿದ್ದೆವು. ಜಕಣಾಚಾರಿಯ ಕತೆ ಕೇಳದ ಕನ್ನಡದ ಮಗು ಇಲ್ಲ. ಮಹಾಶಿಲ್ಪಿ ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ದೋಷ ಇದೆ ಅಂತ ಒಬ್ಬ ಹುಡುಗ ಹೇಳುತ್ತಾನೆ. ಇದ್ದರೆ ನನ್ನ ಬಲಗೈ ಕಡಿದುಕೊಳ್ಳುತ್ತೇನೆ ಅಂತ ಜಕಣ. ವಿಗ್ರಹಕ್ಕೆಲ್ಲ ಗಂಧ ಬಳಿಯುತ್ತಾರೆ. ಎಲ್ಲಾ ಕಡೆ ಒಣಗುತ್ತದೆ, ಹೊಕ್ಕುಳ ಹತ್ತಿರ ಮಾತ್ರ ಹಸಿ. ಅಲ್ಲಿ ಉಳಿ ಇಟ್ಟರೆ ಒಳಗಿಂದ ನೀರು, ಮರಳು, ಒಂದು ಕಪ್ಪೆ. ಜಕಣ ಕೈ ಕಡಿದುಕೊಳ್ಳುತ್ತಾನೆ. ಆಮೇಲೆ ಹುಡುಗ ಅವನ ಮಗ ಡಂಕಣನೇ ಅಂತ ಗೊತ್ತಾಗುತ್ತದೆ. ತುಮಕೂರು ಹತ್ತಿರದ ಕೈದಾಳದಲ್ಲಿ ಕೇಶವನ ಗುಡಿ ಕಟ್ಟಿದ ಮೇಲೆ ಕೈ ಮತ್ತೆ ಬಂತು ಅಂತಾರೆ.

ಇದು ಐತಿಹ್ಯ, ಇತಿಹಾಸ ಅಲ್ಲ. ಬೇಲೂರಿನ ಶಾಸನಗಳಲ್ಲಿ ಸಿಗುವ ತಂದೆ ಮಗ ಬೇರೆ. ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ. ಮದನಿಕೆಯರ ಕೆಳಗೆ ತಮ್ಮ ಹೆಸರು ಕೆತ್ತಿಕೊಂಡು, ಇಬ್ಬರೂ ಕೈ ಸರಿಯಾಗಿಟ್ಟುಕೊಂಡು ಕೆಲಸ ಮಾಡಿದ ಹಾಗೆ ಕಾಣುತ್ತದೆ.

ಚಿಕ್ಕಂದಿನಲ್ಲಿ ಈ ಕತೆ ಕೇಳಿದಾಗ ಜಕಣ ನನಗೆ ದೊಡ್ಡ ಹೀರೋ. ಒಂದು ತಪ್ಪಿಗೆ ಕೈಯನ್ನೇ ಕೊಟ್ಟ ಮನುಷ್ಯ! ಹಾಳೆ ಹರಿಯುವ ಹುಡುಗಿಗೆ ಇದಕ್ಕಿಂತ ದೊಡ್ಡ ಆದರ್ಶ ಬೇಕಾ? ಈ ಸಲ ಕಪ್ಪೆ ಚೆನ್ನಿಗರಾಯನ ಗುಡಿಯ ಮುಂದೆ ನಿಂತು ಮಗಳಿಗೆ ಕತೆ ಹೇಳುವಾಗ ನನ್ನ ದನಿಯೇ ನನಗೆ ವಿಚಿತ್ರವಾಗಿ ಕೇಳಿಸಿತು. ಕಲ್ಲಿನೊಳಗೆ ಕಪ್ಪೆ ಸೇರಿದ್ದು ಅವನ ತಪ್ಪಾ? ಅಷ್ಟು ಕೆತ್ತಿದ ಕೈ ಅದು. ಒಂದು ಕಪ್ಪೆಗೆ ಆ ಕೈ ಹೋಗಬೇಕಾ?

ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹೆಸರು. ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದಾಗಲೇ ರಾಣಿ ಶಾಂತಲೆ ಈ ಗುಡಿಯನ್ನು ಕಟ್ಟಿಸಿದ್ದು. ಒಂಬೈನೂರು ವರ್ಷವಾಯಿತು. ದೋಷ ಇದೆ ಅಂತ ಕತೆ ಕಟ್ಟಿದ ಜನ ವಿಗ್ರಹವನ್ನು ತೆಗೆದು ಹೊರಗೆ ಹಾಕಲಿಲ್ಲ. ಅದಕ್ಕೇ ಕೈಮುಗಿದರು, ಕಪ್ಪೆಯ ಹೆಸರನ್ನೇ ಇಟ್ಟು ಕರೆದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನೋನ್ ಇಶ್ಯೂ ಸಮೇತ ರಿಲೀಸ್ ಆದ ದೇವರು. (ದೇವರು ಕ್ಷಮಿಸಲಿ.)

ಮಗಳಿಗೆ ಇದ್ಯಾವುದೂ ಬೇಕಿರಲಿಲ್ಲ. "ಆಮೇಲೆ ಕಪ್ಪೆ ಏನಾಯ್ತು?" ಅಂದಳು. ಇಷ್ಟು ವರ್ಷದಲ್ಲಿ ನಾನು ಒಂದು ಸಲವೂ ಕೇಳಿಕೊಳ್ಳದ ಪ್ರಶ್ನೆ. "ಕೆರೆಗೆ ಹೋಯ್ತು" ಅಂದೆ. ಅವಳಿಗೆ ಸಮಾಧಾನ ಆಯಿತು.

ಜಕಣನಿಗೆ ಎದುರಾಗಿ ನಾನು ಈಗ ಮನಸ್ಸಿನಲ್ಲಿ ಇಟ್ಟುಕೊಂಡಿರುವ ಮನುಷ್ಯ ಡೊನಾಲ್ಡ್ ಕನೂತ್. ಸ್ಟ್ಯಾನ್‌ಫರ್ಡಿನ ಕಂಪ್ಯೂಟರ್ ವಿಜ್ಞಾನಿ. ಅಚ್ಚುಕಟ್ಟಿನಲ್ಲಿ ಜಕಣನ ವಂಶದವರೇ ಅನ್ನಬೇಕು. 1962ರಲ್ಲಿ ಶುರು ಮಾಡಿದ ಪುಸ್ತಕಮಾಲೆ ಇನ್ನೂ ಮುಗಿದಿಲ್ಲ. ನಡುವೆ 1977ರಲ್ಲಿ ಒಂದು ಸಂಪುಟದ ಹೊಸ ಮುದ್ರಣದ ಕರಡು ಬಂತು, ಅಕ್ಷರಗಳು ಚೆನ್ನಾಗಿಲ್ಲ ಅನ್ನಿಸಿತು. ಸರಿ, ಅಕ್ಷರ ಜೋಡಿಸುವ ತಂತ್ರಾಂಶವನ್ನೇ ಬರೆದುಬಿಡೋಣ ಅಂತ ಪುಸ್ತಕ ಪಕ್ಕಕ್ಕಿಟ್ಟು ಹೊರಟರು. ಬೇಗ ಮುಗಿಯುತ್ತೆ ಅಂದುಕೊಂಡದ್ದು ಹತ್ತು ವರ್ಷ ಹಿಡಿಯಿತು. ಅದೇ ಟೆಕ್ (TeX), ಇವತ್ತಿಗೂ ಗಣಿತದವರು ತಮ್ಮ ಪ್ರಬಂಧಗಳನ್ನು ಬರೆಯುವುದು ಅದರಲ್ಲೇ. ಇದನ್ನು ಓದಿದಾಗ, ಅಬ್ಬಾ ನನಗಿಂತ ಕಡೆ ಅಂತ ಸಮಾಧಾನಪಟ್ಟಿದ್ದೆ.

ಆದರೆ ತಪ್ಪಿನ ಜೊತೆ ಅವರು ನಡೆದುಕೊಂಡ ರೀತಿ ನೋಡಿ. ನನ್ನ ಪುಸ್ತಕದಲ್ಲಿ ತಪ್ಪು ಹುಡುಕಿದವರಿಗೆ 2.56 ಡಾಲರಿನ ಚೆಕ್ ಕೊಡುತ್ತೇನೆ ಅಂದರು. ನಮ್ಮ ಹತ್ತರ ಲೆಕ್ಕದಲ್ಲಿ ಹತ್ತು ಹತ್ತಲಿ ನೂರು ಸೆಂಟ್ ಒಂದು ಡಾಲರ್ ಆದರೆ, ಕಂಪ್ಯೂಟರಿನವರ ಹದಿನಾರರ ಲೆಕ್ಕದಲ್ಲಿ ಹದಿನಾರು ಹದಿನಾರಲಿ 256 ಸೆಂಟ್ ಒಂದು ಡಾಲರ್, ಅದು ಅವರ ತಮಾಷೆ. ಚೆಕ್ ಸಿಕ್ಕವರಲ್ಲಿ ಎಷ್ಟೋ ಜನ ಬ್ಯಾಂಕಿಗೆ ಹಾಕದೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದರು. ಟೆಕ್ ಬರೆಯುವಾಗ ತಾವು ಮಾಡಿದ ತಪ್ಪುಗಳನ್ನೆಲ್ಲ ದಿನಚರಿಯ ಹಾಗೆ ಬರೆದಿಟ್ಟು, 1989ರಲ್ಲಿ ಆ ಪಟ್ಟಿಯನ್ನೇ ಪ್ರಕಟಿಸಿದರು. ಇನ್ನೂ ಚೆಂದದ್ದು ಟೆಕ್‌ನ ಆವೃತ್ತಿಯ ಸಂಖ್ಯೆ. 3.1, 3.14, 3.141 ಹೀಗೆ ಪೈ ಬೆಲೆಯ ಕಡೆಗೆ ಹೋಗುತ್ತದೆ. 2021ರ ಆವೃತ್ತಿ 3.141592653. ಹತ್ತಿರ ಹೋಗುತ್ತಲೇ ಇರುತ್ತದೆ, ತಲುಪುವುದಿಲ್ಲ. ತಾನು ಸತ್ತ ದಿನ ಅದನ್ನು ಪೈ ಅಂತಲೇ ಬದಲಿಸಿಬಿಡಿ, ಆಮೇಲೆ ಉಳಿದ ಬಗ್ಗುಗಳೆಲ್ಲ ಅದರ ಗುಣಗಳು ಅಂತ ತಿಳಿಯಿರಿ ಅಂತ ಹೇಳಿಟ್ಟಿದ್ದಾರೆ.

ಅಪ್ಪನ ಸೊಟ್ಟ ಹೊಲಿಗೆಯ ನೋಟ್‌ಬುಕ್ಕನ್ನು ನಾನು ಅಡಗಿಸಿಟ್ಟೆ. ಇವರು ತಪ್ಪು ತೋರಿಸಿದವರಿಗೆ ದುಡ್ಡು ಕೊಟ್ಟರು. ಇಬ್ಬರಿಗೂ ಅಚ್ಚುಕಟ್ಟು ಬೇಕು. ಅವರಿಗೆ ಪುಸ್ತಕ ಸರಿಯಾಗುವುದು ಮುಖ್ಯ, ನನಗೆ ತಪ್ಪು ಮಾಡಿದವಳು ಅಂತ ಸಿಕ್ಕಿಬೀಳದೇ ಇರುವುದು ಮುಖ್ಯ.

ಇಷ್ಟೆಲ್ಲ ತಿಳಿದ ಮೇಲೂ ರೊಟ್ಟಿ ಮಾಡೋಕೆ ಧೈರ್ಯ ಬರಲಿಲ್ಲ. ತಿಳಿಯೋದು ತಲೆಯ ಕೆಲಸ, ರೊಟ್ಟಿ ಕೈಯ ಕೆಲಸ. ಈ ಸಂಕ್ರಾಂತಿ ಮುಗಿಸಿಕೊಂಡು ಅವ್ವ ಊರಿಂದ ಬಂದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಒಂದು ಗಂಟು, ಹಿಂಗಾರಿ ಬಿಳಿಜೋಳದ ಹಿಟ್ಟು ಎರಡು ಕಿಲೋ. ಬಂದ ಮರುದಿನವೇ ನನ್ನ ಹಿಟ್ಟಿನ ಡಬ್ಬಿ ತೆಗೆದು ಮೂಸಿ ನೋಡಿದಳು.

"ಎಷ್ಟ್ ದಿನದ್ದಿದು?"

"ಮೂರು ತಿಂಗಳಾಗಿರಬೇಕು ಅವ್ವ."

"ಜಿಗಿ ಎಲ್ಲಿಂದ ಬರಬೇಕ ಇದಕ್ಕ? ಹರೀದ ಏನ್ ಮಾಡ್ತೈತಿ."

ಇಷ್ಟು ವರ್ಷ ನನ್ನ ಕೈಯೇ ಸರಿ ಇಲ್ಲ ಅಂದುಕೊಂಡಿದ್ದೆ. ಗೋಧಿಯಲ್ಲಿ ಇರುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಅದಕ್ಕೇ ಚಪಾತಿ ಹಿಟ್ಟಿನ ಹಾಗೆ ಅದು ಎಳೆದರೆ ಬರುವುದಿಲ್ಲ, ಬಿರಿಯುತ್ತದೆ. ಕುದಿಯುವ ಎಸರು ಹಾಕಿದಾಗ ಹಿಟ್ಟಿನ ಪಿಷ್ಟ ಬೆಂದು ಅಂಟು ಬಿಡುತ್ತದೆ, ಆ ಅಂಟೇ ಜಿಗಿ. ಹಿಟ್ಟು ಹಳೆಯದಾದರೆ ಅದೂ ಕಮ್ಮಿ. ನಾನು ಎಸರನ್ನು ಕುದಿಯೋಕೂ ಬಿಡುತ್ತಿರಲಿಲ್ಲ, ಕೈ ಸುಡುತ್ತೆ ಅಂತ. ಬಿರಿಯುವುದು ಜೋಳದ ಸ್ವಭಾವ. ಅದನ್ನು ಬಿರಿಯದ ಹಾಗೆ ಮಾಡುವುದು ಅಲ್ಲ ಕೆಲಸ, ಬಿರಿಯುತ್ತಾ ಇರುವುದನ್ನು ಎಡಗೈ ಬೆರಳಲ್ಲಿ ಒಳಕ್ಕೆ ಒತ್ತುತ್ತಾ ಬಲಗೈಯಲ್ಲಿ ಬಡಿಯುತ್ತಾ ಹೋಗುವುದು.

ಅವ್ವ ಬಡಿಯುವುದನ್ನು ಹತ್ತಿರ ಕೂತು ನೋಡಿದೆ. ಕೈ ನೋಡಿಯೇ ನೋಡಲಿಲ್ಲ ಅವಳು. ನನ್ನ ಜೊತೆ ಊರಿನ ಸುದ್ದಿ ಮಾತಾಡುತ್ತಿದ್ದಳು, ಯಾರ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು ಅಂತ. ಅಂಗೈ ಬಿದ್ದ ಏಟಿಗೇ ರೊಟ್ಟಿ ತಾನಾಗಿ ತಿರುಗುತ್ತಿತ್ತು. ಪಟ್ ಪಟ್ ಪಟ್ ಸದ್ದು, ನಡುವೆ ಬಳೆ ಸದ್ದು. ಮತ್ತೆ ಒಂದು ವಿಷಯ ಈ ವಯಸ್ಸಿನಲ್ಲಿ ಮೊದಲ ಸಲ ನೋಡಿದೆ. ಅವಳ ರೊಟ್ಟಿಗೂ ಸೀಳು ಬರುತ್ತಿತ್ತು! ಐದರಲ್ಲಿ ಒಂದಕ್ಕಾದರೂ. ಅವಳು ಆ ಸೀಳಿಗೆ ಒದ್ದೆ ಬೆರಳು ಒಮ್ಮೆ ಸವರಿ, ಎತ್ತಿ ಹಂಚಿಗೆ ಹಾಕಿ, ನೀರಿನ ಅರಿವೆ ಮೇಲೆ ಆಡಿಸಿ, ಮಾತು ಮುಂದುವರಿಸುತ್ತಿದ್ದಳು. ನಲವತ್ತು ವರ್ಷ ಅವಳ ಕೈಯ ರೊಟ್ಟಿ ತಿಂದಿದ್ದೇನೆ, ನನಗೆ ನೆನಪಿರುವುದೆಲ್ಲ ದುಂಡನೆಯವು ಮಾತ್ರ.

ನನ್ನ ಸರದಿ ಬಂತು. ಎರಡನೆಯದು ಎತ್ತುವಾಗಲೇ ಅಂಚು ಹರಿಯಿತು. ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತೆ.

"ಏನ್ ಅದನ್ನ ಅಷ್ಟೊತ್ತ ನೋಡ್ತಿ? ಹಂಚಿಗೆ ಹಾಕ."

"ಹರದೈತಿ ಅವ್ವ."

"ಹರದ್ರ ಹರೀಲಿ ಬಿಡ ಯವ್ವಾ. ತಿನ್ನಾಗ ಹೆಂಗೂ ಹರಕೊಂಡ ತಿನ್ನೂದಲ್ಲ?"

ಹಂಚಿಗೆ ಹಾಕಿದೆ. ಹರಿದ ಕಡೆ ಬಿಟ್ಟು ಉಳಿದದ್ದೆಲ್ಲ ಪುಗ್ಗಿಯ ಹಾಗೆ ಉಬ್ಬಿತು.

ಕೂಡಲಸಂಗಮ ನಮ್ಮ ಜಿಲ್ಲೆಯದೇ. ತಾಳ ಲಯದ ಲೆಕ್ಕ ನನಗೆ ಗೊತ್ತಿಲ್ಲ, ನನಗೆ ಒಲಿದ ಹಾಗೆ ಹಾಡುತ್ತೇನೆ ಅಂತ ಬಸವಣ್ಣ ಅಂದದ್ದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ, ತಪ್ಪಿಲ್ಲದೆ ಒಪ್ಪಿಸಿ ಬಹುಮಾನ ತಗೊಂಡವಳು ನಾನು. ಅದರ ಅರ್ಥ ತಲೆಗೆ ಹೋಗಲು ಹರಿದ ರೊಟ್ಟಿಯೇ ಬೇಕಾಯಿತು ನೋಡಿ.

ಮಗಳ ವಿಷಯದಲ್ಲಿ ಏನು ಮಾಡಿದೆ ಅಂತ ಕೇಳಿದರೆ, ದೊಡ್ಡದೇನೂ ಇಲ್ಲ. ರಬ್ಬರ್ ಕಿತ್ತುಕೊಳ್ಳಲಿಲ್ಲ. ತಪ್ಪಾದ ಅಕ್ಷರಕ್ಕೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೆಯುವುದನ್ನು ತೋರಿಸಿಕೊಟ್ಟೆ. ಅವಳು ಮೊದಲು ಒಪ್ಪಲಿಲ್ಲ. ಈಗ ಒಂದು ಆಟ ಇದೆ. ವಾರಕ್ಕೊಮ್ಮೆ ಅವಳು ಅವಳ ಪುಸ್ತಕದ ಗೆರೆ ಹೊಡೆದ ಅಕ್ಷರಗಳನ್ನು ತೋರಿಸುತ್ತಾಳೆ, ನಾನು ಆ ವಾರ ಆಫೀಸಿನಲ್ಲಿ ಮಾಡಿದ ತಪ್ಪು ಹೇಳಬೇಕು. ಹೋದ ವಾರ ನನ್ನ ಪಟ್ಟಿ ಅವಳದ್ದಕ್ಕಿಂತ ಉದ್ದ ಇತ್ತು, ಕುಣಿದಾಡಿದಳು. ಆ "ಋ" ಇನ್ನೂ ಸೊಟ್ಟಗೇ ಇದೆ. ಅಷ್ಟಕ್ಕೂ ಆ ಅಕ್ಷರ ದಿನಕ್ಕೆ ಎಷ್ಟು ಸಲ ಬೇಕಾಗುತ್ತೆ ಹೇಳಿ, ಋಷಿಗಳು ಕೂಡ ಈಗ ಜಾಸ್ತಿ ಇಲ್ಲ.

ಗೆಳತಿಗೆ ಈಗ ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ. ಒಂದು ದಿನ ಅವಳ ತಂದೆ ಬಸ್ಸಿನಲ್ಲಿ ಸೀಟು ಹಿಡಿದುಕೊಡುತ್ತಿದ್ದ ವಿಷಯ ಹೇಳಿದೆ. ಕಿಟಕಿಯಿಂದ ಟವೆಲ್ ಎಸೆದು ಹಿಡಿಯುತ್ತಿದ್ದರು, ಒಂದು ಸಲ ಟವೆಲ್ ಒಳಗೇ ಉಳಿದು ನಾನು ಅದನ್ನು ಬಾಗಲಕೋಟೆ ತನಕ ಒಯ್ದಿದ್ದೆ. ಅವಳು ಆ ಕಡೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಕ್ಕಳು. "ಆ ಟವೆಲ್ಲಿಗೆ ಅಮ್ಮ ಅವರಿಗೆ ಒಂದು ವಾರ ಬೈದಿದ್ಳು ಕಣೇ" ಅಂದಳು.

ಹೋದ ತಿಂಗಳು ಆಫೀಸಿನ ಅದೇ ಐವರನ್ನು ಮತ್ತೆ ಊಟಕ್ಕೆ ಕರೆದೆ. ಕೂರಿಸಿ ಮೊದಲು ಆ "ಹೂಂ" ವಿಷಯ ಹೇಳಿಬಿಟ್ಟೆ. ಒಬ್ಬ ನಕ್ಕು ಹೇಳಿದ. "ಗೊತ್ತಿತ್ತು. ಕೈ ತೊಳೆಯೋಕೆ ಹೋದಾಗ ಖಾನಾವಳಿಯ ಕವರ್ ಕಸದ ಬುಟ್ಟಿಯಲ್ಲಿ ನೋಡಿದ್ದೆ. ನಾವೂ ಟೆಸ್ಟರ್‌ಗಳೇ ತಾಯೀ."

ಈ ಸಲ ರೊಟ್ಟಿ ನಾನೇ ಮಾಡಿದೆ, ಇಪ್ಪತ್ತೆರಡು. ತಂದು ನಡುವೆ ಇಟ್ಟೆ. ಅವನು ಬುಟ್ಟಿಗೆ ಕೈ ಹಾಕಿ, ಮೇಲಿನ ನಾಲ್ಕೈದನ್ನು ಎತ್ತಿ, ಕೆಳಗಿನಿಂದ ಒಂದನ್ನು ಎಳೆದ. ಅದು ಅರ್ಧ ಚಂದ್ರನ ಹಾಗೆ ಒಂದು ಕಡೆ ಪೂರಾ ಹರಿದಿತ್ತು. "ಇದ್ಯಾಕೆ ಎಲ್ಲಾ ಹರಿದದ್ದೂ ಕೆಳಗಿದೆ, ಚೆಂದದ್ದೆಲ್ಲ ಮೇಲಿದೆ?" ಅಂದ.

ಅದು ನಾನು ಅಡುಗೆಮನೆಯಲ್ಲಿ ನನಗೇ ಗೊತ್ತಿಲ್ಲದ ಹಾಗೆ ಜೋಡಿಸಿದ್ದು.

"ಗೊತ್ತಿರೋ ದೋಷ ಅದು" ಅಂದೆ. "ಪಟ್ಟಿಯಲ್ಲಿದೆ. ಎಣ್ಣೆಗಾಯಿ ಬಡಿಸ್ಲಾ?"